ಮುಂದಿನ ಸೀಟು

ಕರ್ನಾಟಕ ಒಂದಾಗಿಯೇ ಇರಬೇಕೋ ಎರಡಾಗಬೇಕೋ ಎಂಬ ಗಹನವಾದ ಪ್ರಶ್ನೆ ಆ ಬೆಳಿಗ್ಗೆ ತಂಬೂರು ಹಳ್ಳಿಯಲ್ಲಿ ಇನಾಯತ್‌ನ ಟಂಟಂ ಗಾಡಿಯ ಮೂರು ಖಾಲಿ ಸೀಟುಗಳಿಗೆ ಬಂದು ನಿಂತಿತ್ತು.

ಕಲಘಟಗಿಯಲ್ಲಿ ಪ್ರತ್ಯೇಕ ಉತ್ತರ ಕರ್ನಾಟಕದ ಸಭೆ. ಅಲ್ಲಿ ಶಂಕ್ರಪ್ಪನ ಭಾಷಣವಿತ್ತು. ಜೀವಮಾನದ ಮೊದಲ ಭಾಷಣ. ಎಮ್ಮೆಯ ಮುಂದೆ ನಿಂತು ಬಾಯಿಪಾಠ ಮಾಡಿದ್ದ. ಇಸ್ತ್ರಿ ಅಂಗಿ ತೊಟ್ಟು, ಬೆಂಬಲಿಗರನ್ನು ಹಿಂದೆ ತುಂಬಿ, ತಾನು ಡ್ರೈವರನ ಬಾಜು ಕುಳಿತಿದ್ದ. ಆದರೆ ಗಾಡಿ ಭರ್ತಿಯಾಗದೆ ಇನಾಯತ್ ಚಾವಿ ತಿರುಗಿಸುವವನಲ್ಲ. ಖಾಲಿ ಸೀಟಿನ ಚಾರ್ಜು ಕೊಟ್ಟರೆ ಈಗಲೇ ಹೊರಡುತ್ತೇನೆಂದ. ಶಂಕ್ರಪ್ಪ ಪ್ರತ್ಯೇಕ ರಾಜ್ಯಕ್ಕಾಗಿ ಪ್ರಾಣ ಕೊಡಲು ಸಿದ್ಧನಿದ್ದ, ಚಾರ್ಜು ಕೊಡಲು ಅಲ್ಲ.

ಎದುರಿನ ಚಹದಂಗಡಿಯಲ್ಲಿ ಮುದುಕ ಕುತುಬುದ್ದೀನ ಇಬ್ಬರು ಗೆಳೆಯರೊಂದಿಗೆ ಕುಳಿತಿದ್ದ. ಇವತ್ತು ರಾಜ್ಯ ಒಡೆದರೆ ನಾಳೆ ದೇಶ ಒಡೆಯುತ್ತದೆಂದು ದಿನಾ ಶಂಕ್ರಪ್ಪನೊಡನೆ ವಾದ ಹೂಡುವವನು ಅವನೇ.

"ಕಾಕಾ, ನೀವು ಮೂರೂ ಮಂದಿ ಬರ್ರಿ," ಎಂದ ಶಂಕ್ರಪ್ಪ.

"ನಾ ಯಾಕ ಬರ್ಲಿ? ನೀ ರಾಜ್ಯಾ ಹರಿಯೂದ ನೋಡಾಕ?"

"ವಿರೋಧ ಮಾಡಾಕರೆ ಬರ್ರಿ. ಬೇಕಾದ್ರ ನನಗ ಧಿಕ್ಕಾರ ಕೂಗ್ರಿ. ಒಟ್ಟ ಗಾಡಿ ಹತ್ರಿ."

ಕುತುಬುದ್ದೀನ ಗಡ್ಡ ನೀವಿಕೊಂಡ. ತನಗೆ ಮೊಣಕಾಲು ಮಡಚಲು ಬರುವುದಿಲ್ಲ, ಮುಂದೆ ಕೂರಿಸಿದರೆ ಅಖಂಡ ಕರ್ನಾಟಕ ಬರಲು ತಯಾರಿದೆ ಎಂದ. ಶಂಕ್ರಪ್ಪ ಇಳಿದು ಹಿಂದೆ ತುರುಕಿಕೊಂಡ. ಇಸ್ತ್ರಿ ಅಲ್ಲಿಗೆ ಮುಗಿಯಿತು.

ಕಲಘಟಗಿಯಲ್ಲಿ ಸಂಘಟಕರು ಹಾರ ಹಿಡಿದು ಕಾಯುತ್ತಿದ್ದರು. ತಂಬೂರಿನಿಂದ ಭಾಷಣಕಾರರು ಬರುತ್ತಾರೆಂದು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಮುಂದಿನ ಸೀಟಿನಿಂದ ಬಿಳಿಗಡ್ಡದ ಹಿರಿಯರು ಇಳಿದದ್ದೇ ತಡ, ಹಾರ ಹಾಕಿ, ಹಲಗೆ ಬಾರಿಸುತ್ತ ವೇದಿಕೆ ಹತ್ತಿಸಿದರು. ಹಿಂದಿನಿಂದ ಶಂಕ್ರಪ್ಪ, "ಅವರಲ್ಲರೀ, ನಾ," ಎಂದದ್ದು ಯಾರಿಗೂ ಕೇಳಲಿಲ್ಲ. ಬೆಂಬಲಿಗರ ಕಾಲುಗಳ ನಡುವಿನಿಂದ ತನ್ನ ಕಾಲು ಬಿಡಿಸಿಕೊಂಡು ಅವನು ಇಳಿಯುವಷ್ಟರಲ್ಲಿ ಮೈಕು ಕುತುಬುದ್ದೀನನ ಕೈಯಲ್ಲಿತ್ತು.

ನಿಕಾಹ್ ಬಿಟ್ಟರೆ ಅವನ ಕೊರಳಿಗೆ ಹಾರ ಬಿದ್ದದ್ದು ಅದೇ ಮೊದಲು. ಹಾರ ಬಿದ್ದ ಕೊರಳಿನಿಂದ 'ಬೇಡ' ಎಂಬ ಮಾತು ಹೊರಡುವುದು ಕಷ್ಟ. ಕುತುಬುದ್ದೀನ ಜನರನ್ನು ನೋಡಿದ, ಹಾರವನ್ನು ಮುಟ್ಟಿ ನೋಡಿದ. ಆಮೇಲೆ, ದಿನಾ ಕೇಳಿ ಕೇಳಿ ಮನಸ್ಸಿನಲ್ಲಿ ಕೂತಿದ್ದ ಶಂಕ್ರಪ್ಪನ ವಾದವನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಬಹಳ ಹೊತ್ತು ಚಪ್ಪಾಳೆ ಬಿತ್ತು.

ಸಂಜೆ ಮರಳುವಾಗ ಗಾಡಿಯಲ್ಲಿ ತಂಬೂರು ಬರುವವರೆಗೂ ವಾದ ನಡೆಯಿತು. ರಾಜ್ಯ ಒಡೆಯಬಾರದು ಎನ್ನುತ್ತಿದ್ದವನು ಶಂಕ್ರಪ್ಪ.