ಹೊಗೆಗೂಡು

ಹಾಲು ಉಕ್ಕದೇ ಹೋಗಲಿ ಎಂದು ಅಲಮೇಲಮ್ಮ ಮನಸ್ಸಿನಲ್ಲೇ ಬೇಡಿಕೊಂಡಳು. ಒಲೆಯ ಮುಂದೆ ಕೂತಿದ್ದವಳು ಹೊಸ ಅಮಲ್ದಾರರ ಹೆಂಡತಿ ಕೌಸಲ್ಯ. ಚಿಕ್ಕಪೇಟೆಯ ಈ ಮನೆಗೆ ಇವತ್ತಿನಿಂದ ಬಾಡಿಗೆಗೆ ಬಂದವಳು. ಹಸಿ ಸೌದೆ ಹತ್ತದೆ ಪೇಚಾಡುತ್ತಿದ್ದಳು.

ಮದುವೆಯಾಗಿ ಬಂದಾಗಿನಿಂದ ಅಲಮೇಲಮ್ಮ ಇದೇ ಒಲೆಯ ಹೊಗೆ ಕುಡಿದವಳು. ಸಂಸಾರವನ್ನು ಹಿತ್ತಲ ಕೋಣೆಗಳಿಗೆ ಸಾಗಿಸಿದ ಮೇಲೆಯೇ ಗಂಡ ಸೀತಾರಾಮಯ್ಯನವರು ಬಾಡಿಗೆಗೆ ಕೊಡಲೆಂದು ಮನೆ ರಿಪೇರಿ ಮಾಡಿಸಿದ್ದು. ನೆಲಕ್ಕೆ ಕೆಂಪು ಗಾರೆ ಬಂತು, ಒಲೆಯ ಮೇಲೆ ಹೊಗೆಗೂಡು ಬಂತು.

"ಒಂಚೂರೂ ಹೊಗೆ ಇಲ್ಲ ನೋಡಿ. ಇಂಥ ಅಡುಗೆಮನೇಲಿ ಬಾಳಿದೀರಿ, ನೀವು ಪುಣ್ಯವಂತ್ರು ಬಿಡಿ," ಎಂದಳು ಕೌಸಲ್ಯ.

ಅಷ್ಟರಲ್ಲಿ ಬೆಂಕಿ ನಂದತೊಡಗಿತು. ಅಲಮೇಲಮ್ಮ ಬೇಡಿಕೊಂಡದ್ದೂ ಅದನ್ನೇ. ಆದರೆ ನಂದುವ ಒಲೆಯನ್ನು ಸುಮ್ಮನೆ ನೋಡುತ್ತ ನಿಂತು ಅವಳಿಗೆ ಗೊತ್ತೇ ಇರಲಿಲ್ಲ. ಮೂಲೆಯಲ್ಲಿ ಬಿಟ್ಟುಹೋಗಿದ್ದ ತನ್ನ ಹಳೆಯ ಊದುಗೊಳವೆಯನ್ನು ಕೈ ತಾನಾಗಿ ಎತ್ತಿಕೊಂಡಿತು. ಬಗ್ಗಿ ಊದಿದಳು. ಉರಿ ಭಗ್ಗನೆ ಎದ್ದು, ಹಾಲು ನೊರೆನೊರೆಯಾಗಿ ಉಕ್ಕಿ ಪೂರ್ವಕ್ಕೇ ಹರಿಯಿತು.

ಕೌಸಲ್ಯ ಒಲೆಗೆ ಕೈಮುಗಿದಳು. ಅಲಮೇಲಮ್ಮ ಎಂದಿನಂತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಯೆಲ್ಲ ಆಗಲೇ ಹೊಗೆಗೂಡು ಸೇರಿತ್ತು. ಸೆರಗು ಮಾತ್ರ ಒದ್ದೆಯಾಗಿತ್ತು.