ಸಿಂಕು ಕಟ್ಟಿಕೊಂಡ ದಿನ

ಗಂಡ ಹೆಂಡತಿ ಮಾತು ಬಿಟ್ಟು ಹತ್ತು ದಿನವಾಗಿತ್ತು. ಸಾರಿಗೆ ಉಪ್ಪು ಕಡಿಮೆಯಾದರೂ ಅವನು ಕೇಳದೆ ತಾನೇ ಎದ್ದು ಹಾಕಿಕೊಳ್ಳುತ್ತಿದ್ದ. ಹನ್ನೊಂದನೆಯ ದಿನ ಬೆಳಿಗ್ಗೆ ಅಡುಗೆಮನೆಯ ಸಿಂಕು ಕಟ್ಟಿಕೊಂಡಿತು. ತಿಂಡಿಯ ತಟ್ಟೆಗಳು ಎಣ್ಣೆ ತೇಲುವ ನೀರಿನಲ್ಲಿ ಮುಳುಗಿ ಕೂತವು.

"ಪಾತ್ರೆ ತೊಳೆಯೋಕೆ ಬರದೋರ ಮನೇಲಿ ಹೀಗೇ ಆಗೋದು," ಎಂದು ಅತ್ತೆ ಇಬ್ಬರಿಗೂ ಕೇಳುವಂತೆ ಹೇಳಿ ಹಜಾರಕ್ಕೆ ಹೋದರು.

ಅವನು ಸಿಂಕಿನ ಕೆಳಗೆ ಮಲಗಿ ಪೈಪು ಬಿಚ್ಚಿದ. ಅವಳು ಬಕೆಟ್ ಹಿಡಿದಳು. ನೀರಿನ ಜೊತೆ ಒಂದು ಹಿಡಿ ತೆಂಗಿನ ನಾರು ಜಾರಿ ಬಿತ್ತು.

"ನಾನು ಹಾಕಿದ್ದಲ್ಲ," ಎಂದಳು ಅವಳು.

"ಗೊತ್ತು. ನಾರಲ್ಲಿ ಉಜ್ಜೋದು ಅಮ್ಮ ಒಬ್ರೇ," ಎಂದ ಅವನು, ಮೆಲ್ಲಗೆ.

"ಹಾಗಾದ್ರೆ ಹೋಗಿ ಅವರಿಗೇ ಹೇಳಿ."

"ನಂಗೇನು ತಲೆ ಕೆಟ್ಟಿದ್ಯಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ಬಕೆಟ್ ವಾಲಿ ಕೊಳೆನೀರು ಅವನ ಮುಖಕ್ಕೆ ಚೆಲ್ಲಿತು. ಅವನೂ ನಕ್ಕ.

ಹಜಾರದಲ್ಲಿ ಅತ್ತೆ ಸೊಸೆಯ ತಾಯಿಗೆ ಫೋನು ಹಚ್ಚಿ ಪಿಸುಗುಟ್ಟಿದರು:

"ನೀವು ಹೇಳ್ದಂಗೇ ಆಯ್ತು ಬೀಗಿತ್ತಿ, ನಗ್ತಾ ಇದ್ದಾರೆ. ಮತ್ತೆ ಮಾತು ಬಿಟ್ರೆ ಮಿಕ್ಸಿಗೆ ಏನು ಹಾಕ್ಲಿ, ಅದನ್ನೂ ಈಗ್ಲೇ ಹೇಳ್ಬಿಡಿ."