ಡಿಫೆನ್ಸ್ ಕೋಚ್

“ನಾನು ಆಡ್ತೀನಿ ಮಾಮ,” ಎಂದು ತುಷಾರ್ ಹುಲ್ಲಿನಿಂದ ಎದ್ದು ನಿಂತ. ಭೋಜ ಅವನ ಕಣ್ಣನ್ನೇ ದಿಟ್ಟಿಸಿದ. ಬರ್ಮಿಂಗ್‌ಹ್ಯಾಮಿನಲ್ಲೇ ಹುಟ್ಟಿದ ಈ ಗೆಳೆಯನ ಮಗ ಮೈದಾನದಲ್ಲಿ ಎಂದೂ ಕನ್ನಡ ಆಡಿದವನಲ್ಲ. ಅಲ್ಲಿ ಭೋಜ ಅವನಿಗೆ ಬರೀ ಕೋಚ್, ಮಾಮ ಅಲ್ಲ.

ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಎದುರಾಳಿಗಳನ್ನು ತಡೆಯುವುದನ್ನು ಕಲಿಸುತ್ತ ಭೋಜ ಒಂಬತ್ತು ವರ್ಷ ಕಳೆದಿದ್ದ. 2006ರ ಈ ಫೈನಲ್ ಗೆದ್ದರೆ ಮುಂದಿನ ವರ್ಷ ಅವನೇ ಮುಖ್ಯ ಕೋಚ್. ಉಳಿದಿದ್ದು ಎರಡು ನಿಮಿಷ, ತಮ್ಮ ಮುನ್ನಡೆ ಮೂರೇ ಅಂಕ. ತಡೆಯಬಲ್ಲವನು ತುಷಾರ್ ಒಬ್ಬನೇ. ಅವನ ತಲೆಗೆ ಈಗಷ್ಟೇ ಯಾರದೋ ಮೊಣಕಾಲು ಬಡಿದಿತ್ತು.

“ಅಮ್ಮನ ಹೆಸರು ಹೇಳು ನೋಡೋಣ.”

ತುಷಾರ್ ಸುಮ್ಮನೆ ನಕ್ಕ. ಹೆಸರು ಬಾಯಿಗೆ ಬರಲಿಲ್ಲ.

ಭೋಜ ಅವನ ಹೆಲ್ಮೆಟ್ ಬಿಚ್ಚಿ ತನ್ನ ಕಂಕುಳಲ್ಲಿ ಇಟ್ಟುಕೊಂಡು ಡಾಕ್ಟರಿಗೆ ಕೈಬೀಸಿದ.

“ಹುಡುಗನನ್ನ ಕಳಿಸು ಭೋಜ,” ಎಂದು ಮುಖ್ಯ ಕೋಚ್ ಗ್ರಹಾಂ ಇಂಗ್ಲಿಷಿನಲ್ಲಿ ಗದರಿದ. “ಮ್ಯಾಚ್ ಹೋದ್ರೆ ನಿನಗೆ ಸಿಗಬೇಕಾದ ನನ್ನ ಕುರ್ಚಿನೂ ಹೋಯ್ತು.”

“ಇವನು ಆಡಲ್ಲ.” ಭೋಜ ಹೆಲ್ಮೆಟನ್ನು ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಎದುರಾಳಿಗಳ ಕಡೆಯಿಂದ ದೊಡ್ಡ ಕೇಕೆ ಎದ್ದಿತು. ಭೋಜ ತಿರುಗಿ ನೋಡಲಿಲ್ಲ. ಮ್ಯಾಚ್ ಮುಗಿಯಲು ಇನ್ನೂ ಒಂದು ನಿಮಿಷ ಇರುವಾಗಲೇ ತುಷಾರನ ಕೈ ಹಿಡಿದುಕೊಂಡು ಆಂಬುಲೆನ್ಸ್ ಹತ್ತಿದ.